ಆರ್ಲೋ ಅಂಕಲ್ ನಿಂತ ಜಾಗ

ಅಮೆರಿಕದ ಈರಿ ಊರಿನ ಹನ್ನೆರಡನೇ ಬೀದಿಯಲ್ಲಿ ಪುಟ್ಟ ಮಿಷಿನ್ ಶಾಪು ನಡೆಸುವ ವಾಂಡಾ ಕ್ರುಪಾಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಐವತ್ತರ ಹತ್ತಿರ ಬಂದು ಒಂದು ಸಲ ತಪ್ಪಿದಳು. ಸುಳ್ಳು ಹೇಳಲಿಲ್ಲ ನಿಜ, ಆದರೆ ಹೇಳಬೇಕಾದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಳು. ಅದಕ್ಕಿಂತ ಸುಳ್ಳೇ ವಾಸಿಯಿತ್ತು.

ಶಾಪು ಅಪ್ಪ ಕಟ್ಟಿದ್ದು. ಮೂಲೆಯಲ್ಲಿ ಉಕ್ಕು ಕೊರೆಯುವ, ಕೈಯಿಂದ ತಿರುಗಿಸುವ ಹಳೆಯ ಮಿಲ್ಲಿಂಗ್ ಯಂತ್ರ. ಅದರ ಮುಂದೆ ನಲವತ್ತು ವರ್ಷದಿಂದ ನಿಂತಿರುವವರು ಆರ್ಲೋ ಬೀಚಮ್. ಚಿಕ್ಕವಳಿದ್ದಾಗ ಅವರ ಸ್ಟೂಲಿನ ಮೇಲೆ ಕೂತು ಲೆಕ್ಕ ಕಲಿತವಳು ವಾಂಡಾ. ಈಗ ಗಿರಾಕಿಗಳು ಒಂದೇ ಅಚ್ಚಿನಂಥ ನೂರಾರು ಭಾಗ ಕೇಳುತ್ತಿದ್ದರು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ತರದೆ ಗತಿಯಿರಲಿಲ್ಲ.

ಕ್ಲೀವ್‌ಲ್ಯಾಂಡಿನ ಶೋರೂಮಿನಲ್ಲಿ ಅವಳ ಕೈಗೆಟುಕುವಂಥವು ಎರಡಿದ್ದವು. ಚಿಕ್ಕದು ಬಾಗಿಲ ಪಕ್ಕ ಹಿಡಿಸುತ್ತಿತ್ತು. ದೊಡ್ಡದಕ್ಕೆ ಆರ್ಲೋ ಅವರ ಮೂಲೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ವಾಂಡಾ ಮೂರು ಸಲ ಅಳೆದು ನೋಡಿದ್ದಳು. ಆದರೂ ಅವರನ್ನೇ ಜೊತೆಗೆ ಕರೆದೊಯ್ದಿದ್ದಳು.

“ನೀವೇ ಹೇಳಿ ಅಂಕಲ್, ಯಾವುದು ತಗೊಳ್ಳಲಿ?”

ಆರ್ಲೋ ಚಿಕ್ಕದರ ಮೈ ತಟ್ಟಿದರು. “ಇದು ಆಟದ ಸಾಮಾನು ಮಗಾ. ಗಟ್ಟಿ ಉಕ್ಕು ಸಿಕ್ಕಿದ್ರೆ ಗಡಗಡ ನಡುಗುತ್ತೆ. ದೊಡ್ಡದನ್ನೇ ತಗೋ. ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ನಾಲ್ಕು ಜಗಳ ಆಡಿ, ಅದನ್ನೇ ಹೊತ್ಕೊಂಡು ಬರ್ತಿದ್ದ.”

ಜಾಗದ ಮಾತು ನಾಲಗೆಯ ತುದಿಗೆ ಬಂತು. ವಾಂಡಾ ನುಂಗಿಕೊಂಡು ಸಹಿ ಹಾಕಿದಳು. ವಾಪಸು ಬರುವಾಗ ಅವರು ಅವಳಿಗಿಷ್ಟವಾದ, ಮಾಂಸ ತುಂಬಿದ ಪೆಪ್ಪರೋನಿ ಬಾಲ್ ಬನ್ನು ಕೊಡಿಸಿದರು. ಅವಳು ಅದನ್ನು ಪೊಟ್ಟಣದಲ್ಲೇ ಸುತ್ತಿಟ್ಟಳು.

ನಾಳೆ ಹೇಳಿದರಾಯಿತು ಎನ್ನುತ್ತ ಎರಡು ವಾರ ತಳ್ಳಿದಳು. ಶುಕ್ರವಾರ ಆರ್ಲೋ ಮನೆಗೆ ಹೋದದ್ದೇ ತಡ, ಹೇಡಿಯ ಕೆಲಸ ಮಾಡಿದಳು. ನೆಲದ ಮೇಲೆ ಸೀಮೆಸುಣ್ಣದಿಂದ ಹೊಸ ಯಂತ್ರದ ಅಳತೆಗೆ ಚೌಕ ಎಳೆದಳು. ಹಳೆಯ ಯಂತ್ರ, ಅವರ ಟೂಲ್ ಪೆಟ್ಟಿಗೆ ಎರಡೂ ಚೌಕದೊಳಗೇ ಇದ್ದವು.

ಆ ಕಸುಬಿನಲ್ಲಿ ಟೂಲ್ ಪೆಟ್ಟಿಗೆ ಆಯಾ ಕೆಲಸಗಾರನ ಸ್ವಂತದ್ದು. ಅದನ್ನು ಹೊರಗೆ ಸಾಗಿಸಿದರೆ ಕೆಲಸ ಬಿಟ್ಟಂತೆ. ರಾಜೀನಾಮೆ ಪತ್ರ ಯಾರೂ ಬರೆಯುವುದಿಲ್ಲ. ಸೋಮವಾರ ಬೆಳಿಗ್ಗೆ ವಾಂಡಾ ಒಳಗೆ ಬಂದಾಗ ಪೆಟ್ಟಿಗೆ ಇರಲಿಲ್ಲ.

ಆರ್ಲೋ ಮಾತ್ರ ಅಲ್ಲೇ ಮಂಡಿಯೂರಿ, ಒದ್ದೆ ಬಟ್ಟೆಯಿಂದ ಅವಳ ಗೆರೆ ಅಳಿಸುತ್ತಿದ್ದರು.

“ಅಂಕಲ್, ಪೆಟ್ಟಿಗೆ...”

“ಶನಿವಾರ ಎಣ್ಣೆ ಬಿಡೋಕೆ ಬಂದಿದ್ನಲ್ಲ, ನಿನ್ನ ಚಿತ್ರಕಲೆ ನೋಡ್ದೆ. ಅಳಿಯನ ಟ್ರಕ್ಕಲ್ಲಿ ಮನೆಗೆ ಸಾಗಿಸ್ದೆ.”

“ಶೋರೂಮಲ್ಲೇ ನಂಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಬಾಯಲ್ಲೇ ಹೇಳಿಸ್ಬಿಟ್ಟೆ. ತಪ್ಪಾಯ್ತು ಅಂಕಲ್.”

“ಈ ನೆಲದ ಅಳತೆ ನಂಗೆ ಗೊತ್ತಿಲ್ವೇನೆ? ಗೊತ್ತಿದ್ದೇ ದೊಡ್ಡದು ಅಂದೆ. ಒಳ್ಳೇ ಯಂತ್ರ ಒಳ್ಳೇದೇ.” ಬಟ್ಟೆ ಹಿಂಡಿದರು. “ನೀನೇ ಬಾಯ್ಬಿಟ್ಟು ಹೇಳ್ತೀಯ ಅಂತ ದಾರೀಲಿ ಕಾದೆ. ಎರಡು ವಾರ ಕಾದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವರು ಬೈಯಲಿಲ್ಲ.

“ಗೆರೇನೂ ತಪ್ಪಾಗಿ ಎಳೆದಿದೀಯ. ಹೊಸದರ ಬೆನ್ನಿಗೆ ಕರೆಂಟ್ ವೈರು ರಿಪೇರಿ ಮಾಡೋ ಬಾಗಿಲಿದೆ. ಮೂರಡಿ ಬಿಡದಿದ್ರೆ ರಿಪೇರಿಯೋನು ಗೋಡೆಯೊಳಗೆ ನಿಲ್ತಾನಾ?”

ಯಂತ್ರ ಮೂರಡಿ ಮುಂದೆ ಬಂದರೆ ಅವರ ಸ್ಟೂಲೂ ಹೋಗಬೇಕು. ಅವರೇ ಅದನ್ನೆತ್ತಿ ಬಾಗಿಲಾಚೆ ಇಟ್ಟು ಬಂದರು. ಅಳತೆ ಟೇಪಿನ ಒಂದು ತುದಿಯನ್ನು ಅವಳತ್ತ ಚಾಚಿದರು.

“ಹಿಡಿ. ಸಡಿಲ ಬಿಡಬೇಡ.”

ವಾಂಡಾ ಗಟ್ಟಿಯಾಗಿ ಹಿಡಿದಳು. ಕಣ್ಣು ತುಂಬಿ ಅಂಕಿ ಕಾಣಿಸಲಿಲ್ಲ. ನಲವತ್ತು ವರ್ಷ ಅವರ ಬೂಟು ತಿಕ್ಕಿ ಬಣ್ಣ ಹೋಗಿದ್ದ ನೆಲದ ಮೇಲೆ ಆರ್ಲೋ ತಮ್ಮ ಕೈಯಾರೆ ಹೊಸ ಗೆರೆ ಎಳೆದರು.