ಸೀಸೆಯಲ್ಲಿರುವ ಸವತಿ

ನನ್ನ ಯಜಮಾನರು ಮಾಳಿಂಗಪ್ಪನವರು ದಾವಣಗೆರೆಯ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್. ಈ ವಯಸ್ಸಿನಲ್ಲಿ ನನಗೊಬ್ಬಳು ಸವತಿ ಇದ್ದರೆ ಅದು ಅಲ್ಲಿನ ಅಸಿಟಿಕ್ ಆಸಿಡ್ಡಿನ ಸೀಸೆ. ಚಳಿಗೆ ಅದು ಕಲ್ಲುಸಕ್ಕರೆಯಂತೆ ಹೆಪ್ಪುಗಟ್ಟಿದರೆ ಇವರು ಹಸುಗೂಸಿಗೆ ಎರೆಯುವ ಹದದ ನೀರಿನಲ್ಲಿಟ್ಟು ಕರಗಿಸುತ್ತಾರಂತೆ. ಹಬೆಗೆ ಉರಿ ಹತ್ತೀತೆಂದು ಬೆಂಕಿಯ ಹತ್ತಿರ ಒಯ್ಯುವುದಿಲ್ಲವಂತೆ. ನಾನು ನಡುಗಿದರೆ ಮಾತ್ರ "ಒಲಿ ಮುಂದೆ ಕೂತ್ಕಾ" ಎನ್ನುತ್ತಾರೆ. ಅದನ್ನು ಮುಟ್ಟುವುದಕ್ಕೆ ರಬ್ಬರ್ ಕೈಗವಸು, ಮುಚ್ಚಳ ತೆಗೆಯುವುದಕ್ಕೆ ಕಿಟಕಿಯ ಪಕ್ಕ. ಬೆರೆಸುವಾಗ ನೀರಿಗೆ ಆಸಿಡ್ಡನ್ನು ನಿಧಾನವಾಗಿ ಬಿಡಬೇಕು, ಆಸಿಡ್ಡಿಗೆ ನೀರು ಸುರಿಯಬಾರದು. ಇಷ್ಟು ಶಾಸ್ತ್ರ ನನ್ನ ಮದುವೆಯಲ್ಲೂ ನಡೆದಿರಲಿಲ್ಲ. "ಆಕೀನ್ನ ಮನೀಗೇ ಕರ್ಕೊಂಡು ಬರ್ರಿ" ಎಂದರೆ "ಬ್ಯಾಡ, ನಿನಗಿಂತ ಸಿಟ್ಟಿನಾಕಿ" ಎಂದು ನಗುತ್ತಾರೆ. ಮೊನ್ನೆ ಹಟಕ್ಕೆ ಬಿದ್ದು ಮಂಡಿಪೇಟೆಯ ಮಲ್ಲಿಗೆ ಮುಡಿದು, ಬಳೆ ಸದ್ದಾಗದಂತೆ ಹಿಡಿದುಕೊಂಡು, ಮನೆಯಲ್ಲಿ ಕೂತಿದ್ದ ಅವರ ಬೆನ್ನ ಹಿಂದೆ ನಿಂತೆ. ತಿರುಗಿ ನೋಡಲಿಲ್ಲ. "ಹೂವಿನ ವಾಸ್ನೇನೂ ಬರ್ಲಿಲ್ಲೇನ್ರಿ?" ಎಂದೆ. ಬೆಚ್ಚಿ ತಿರುಗಿದರು. "ಆ ಹುಳಿ ಹಬೆ ಕುಡ್ದು ಕುಡ್ದು ಮೂಗು ಸತ್ತು ಭಾಳ ದಿನ ಆತು ಲೇ. ನೀ ಬಂದಿದ್ದು ಬಳಿ ಸಪ್ಳದಿಂದ್ಲೇ ನಂಗೆ ತಿಳಿಯೋದು" ಎಂದರು. ಮರುದಿನ ಬಳೆಗಾರ ಬಂದಾಗ ಎರಡೂ ಕೈಗೆ ಮೊಣಕೈವರೆಗೆ ಇಡಿಸಿಕೊಂಡೆ.