ಅಪ್ಪನಲ್ಲಿ ಏನಾದರೂ ನಿಲ್ಲುತ್ತದೆಯೇ

ಅವಳ ಅಪ್ಪನಿಗೆ ಮೊಮ್ಮಗಳ ಮೇಲೆ ಪ್ರೀತಿಯಿಲ್ಲ ಎಂದಲ್ಲ. ಆ ಪ್ರೀತಿ ಅವನ ತಲೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಅವಳ ಚಿಂತೆ. ಬುಧವಾರ ತಲೆಗೆ ಹೊಕ್ಕ ಈ ಹುಳ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಯಾದರೂ ಕೊರೆಯುವುದನ್ನು ಬಿಟ್ಟಿರಲಿಲ್ಲ. ಒಳಗಿನ ಕೋಣೆಯಲ್ಲಿ ಎಂಟು ತಿಂಗಳ ಮಗು ಎರಡೂ ಕೈಗಳನ್ನು ತಲೆಯ ಮೇಲೆ ಚಾಚಿ ಮಲಗಿತ್ತು. ಪ್ರಪಂಚದಲ್ಲಿ ಇತ್ಯರ್ಥವಾಗಬೇಕಾದ್ದು ಏನೂ ಇಲ್ಲವೆಂಬಂತೆ.

ಇತ್ಯರ್ಥವಾಗಬೇಕಾದ್ದು ಇತ್ತು. ಸೋಮವಾರ ಅವಳು ಆಸ್ಪತ್ರೆಯ ಔಷಧಿ ಕೌಂಟರಿನ ಕೆಲಸಕ್ಕೆ ಮರಳಬೇಕು. ಮಗುವನ್ನು ಬಿಡಲು ಇದ್ದದ್ದು ಎರಡೇ ಜಾಗ: ಆಸ್ಪತ್ರೆಯ ಹಿಂದಿನ ರಸ್ತೆಯ ಶಿಶುವಿಹಾರ, ಇಲ್ಲವೇ ಅಪ್ಪನ ಫೋಟೋ ಸ್ಟುಡಿಯೋ. ಶಿಶುವಿಹಾರದವರು, "ಒಂದೇ ಜಾಗ ಉಳಿದಿದೆ. ಶುಕ್ರವಾರ ನಾಲ್ಕರೊಳಗೆ ಫೋನ್ ಮಾಡಿ ಹೇಳಿ. ಇನ್ನೊಬ್ಬರು ಕಾಯ್ತಿದಾರೆ" ಎಂದಿದ್ದರು. ಅವಳು ಹೋಗಿ ನೋಡಿಬಂದಿದ್ದಳು. ನೆಲ ಲಕಲಕ ಹೊಳೆಯುತ್ತಿತ್ತು, ಹಾಲಿನ ಬಾಟಲಿಗಳು ಸಾಲಾಗಿ ನಿಂತಿದ್ದವು, ಹದಿನಾಲ್ಕು ಮಕ್ಕಳು ಗೋಡೆಯ ಟಿವಿಗೆ ಮುಖ ಮಾಡಿ ಗಪ್‌ಚುಪ್ಪಾಗಿ ಕೂತಿದ್ದವು. ಎಲ್ಲವೂ ಅವಳಿಗೆ ಇಷ್ಟವಾಗುವ ಹಾಗೇ ಇತ್ತು. ಆದರೂ ಮಗುವಿನ ಹೆಸರು ಬರೆಸದೆ ಬಂದಿದ್ದಳು.

ಗಂಡನನ್ನು ಕೇಳಿದರೆ, "ನಿಮ್ಮಪ್ಪನ ವಿಷಯ ನಿನಗೇ ಚೆನ್ನಾಗಿ ಗೊತ್ತು" ಎಂದು ಶೂ ಹಾಕಿಕೊಂಡು ಹೋಗಿಬಿಟ್ಟ. ಗೊತ್ತಿದ್ದಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದಳೇ?

ಅಪ್ಪನನ್ನು ಇಡೀ ಬೀದಿ ಕರೆಯುವುದು 'ಸ್ವಲ್ಪ ನಗಿ ಮಾಮ' ಎಂದು. ಮೂವತ್ತೊಂದು ವರ್ಷದಿಂದ ಕ್ಯಾಮೆರಾದ ಹಿಂದೆ ನಿಂತು ಅವನು ಹೇಳುತ್ತ ಬಂದದ್ದು ಆ ಒಂದೇ ಮಾತು. ತೊಂದರೆಯೆಂದರೆ, ಅವನ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಪಾಸ್‌ಪೋರ್ಟಿಗೆ, ಲೈಸೆನ್ಸಿಗೆ ಫೋಟೋ ಬೇಕೆಂದು ಬರುವವರು. ಆ ಕಚೇರಿಗಳಲ್ಲಿ ಹಲ್ಲು ಕಾಣುವ ಫೋಟೋ ನಡೆಯುವುದಿಲ್ಲ. ಬಾಯಿ ಮುಚ್ಚಿರಬೇಕು, ಮುಖ ಗೋಡೆಯಂತಿರಬೇಕು. ಅಪ್ಪ ಸ್ಟೂಲಿನ ಮೇಲೆ ಕೂರಿಸಿದವರನ್ನು ಸುಮ್ಮನೆ ಬಿಡುವವನಲ್ಲ. ನಿಮ್ಮ ಊರು ಯಾವುದು, ಮದುವೆಯಲ್ಲಿ ಯಾರು ಯಾರಿಗೆ ಹೆದರಿದ್ದು, ಈ ಮೀಸೆ ಸ್ವಂತದ್ದೋ, ಹೀಗೆ ಶುರುಮಾಡುತ್ತಿದ್ದ. ಅವರು ಕಿಸಕ್ಕೆಂದ ಕೂಡಲೇ ಕ್ಲಿಕ್. ವಾರ ಕಳೆದ ಮೇಲೆ ಅವರು ಕಚೇರಿಯಿಂದ ವಾಪಸಾದ ಫೋಟೋ ಹಿಡಿದು ಬರುತ್ತಿದ್ದರು, ಮತ್ತೆ ಕೂರುತ್ತಿದ್ದರು, ಮತ್ತೆ ನಗುತ್ತಿದ್ದರು.

"ನಾನೇನು ಮಾಡ್ಲಿ? ಸಪ್ಪೆ ಮುಖ ನೋಡಿದ್ರೆ ನನ್ನ ಬೆರಳೇ ಒತ್ತಲ್ಲ" ಎನ್ನುತ್ತಿದ್ದ ಅಪ್ಪ.

ಕೊನೆಗೆ ಅದಕ್ಕೆ ಅವನೇ ಒಂದು ಉಪಾಯ ಹುಡುಕಿದ. ಎದುರಿನ ಲಾಂಡ್ರಿಯ ಅಕ್ಕ ಯಾರ ಮಾತಿಗೂ ತುಟಿ ಬಿಚ್ಚಿ ನಕ್ಕದ್ದನ್ನು ಕಂಡವರಿಲ್ಲ. ಪಾಸ್‌ಪೋರ್ಟ್ ಗಿರಾಕಿ ಬಂದರೆ ಸಾಕು, ಅಪ್ಪ ಬಾಗಿಲಿಗೆ ಬಂದು ಕೈ ಬೀಸುತ್ತಾನೆ. ಅಕ್ಕ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ, ರಸ್ತೆ ದಾಟಿ ಬಂದು, ಅಪ್ಪನ ಬೆನ್ನ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ. ಗಿರಾಕಿಯ ನಗು ಅಲ್ಲೇ ಆರುತ್ತದೆ. ಫೋಟೋ ಪಾಸಾಗುತ್ತದೆ. ಈಗ ನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ಮನೆಯಲ್ಲೂ ಅಪ್ಪ ಹಾಗೇ. ಒಂದು ವರ್ಷ ಮರಗೆಲಸ ಕಲಿಯುತ್ತೇನೆಂದು ಹೊರಟು ಮೂರು ಕಾಲಿನ ಕುರ್ಚಿ ಮಾಡಿದ. ನಾಲ್ಕನೇ ಕಾಲಿನ ಹೊತ್ತಿಗೆ ಜೇನು ಸಾಕುವ ಹುಚ್ಚು ಹಿಡಿದಿತ್ತು. ಯಾರು ಏನು ಕೇಳಿದರೂ "ಆಯ್ತು, ಮಾಡೋಣ!" ಎನ್ನುತ್ತಿದ್ದ. ಮಾಡುವ ಮನಸ್ಸು ನಿಜವಾಗಿಯೂ ಇರುತ್ತಿತ್ತು, ಮುಂದಿನ ಮನುಷ್ಯ ಸಿಗುವ ತನಕ. ಅವಳಿಗೆ ಒಂಬತ್ತು ವರ್ಷವಿದ್ದಾಗ ಶಾಲೆಯ ಗೇಟಿನಲ್ಲಿ ಕಾವಲುಗಾರನ ಜೊತೆ ಒಂದೂವರೆ ಗಂಟೆ ಕಾದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಕೊನೆಗೆ ಬಂದ, ಅದೂ ಒಬ್ಬನೇ ಅಲ್ಲ. ದಾರಿಯಲ್ಲಿ ವಿಳಾಸ ಕೇಳಿದ ಯಾರನ್ನೋ ಮನೆ ಮುಟ್ಟಿಸಲು ಹೋಗಿ, ಮನೆ ಸಿಗದೆ, ಅವರನ್ನೂ ಕರೆದುಕೊಂಡೇ ಬಂದಿದ್ದ. "ನೋಡು ಪುಟ್ಟಾ, ನಮ್ಮ ಹೊಸ ಸ್ನೇಹಿತರು!" ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಕಾವಲುಗಾರನ ಆಕಳಿಕೆಯನ್ನು ಅಣಕಿಸಿ ತೋರಿಸಿದ. ಅವಳಿಗೆ ನಗು ಬಂದುಬಿಟ್ಟಿತು. ಅಂದು ನಕ್ಕದ್ದಕ್ಕೆ ತನ್ನ ಮೇಲೇ ಇರುವ ಸಿಟ್ಟು ಇಪ್ಪತ್ತು ವರ್ಷವಾದರೂ ಇಳಿದಿಲ್ಲ.

ಇಷ್ಟೆಲ್ಲ ತಿಳಿದೂ ಬುಧವಾರ ಮೂರು ಗಂಟೆಗಳ ಮಟ್ಟಿಗೆ ಮಗುವನ್ನು ಅವನಲ್ಲಿ ಬಿಟ್ಟಳು. ಕೆಲಸಕ್ಕೆ ಮರಳುವ ಕಾಗದಗಳಿಗೆ ಸಹಿ ಹಾಕಿ ಬರಬೇಕಿತ್ತು. ಔಷಧಿ ಚೀಟಿಯ ಮೇಲೆ ಬರೆಯುವ ಹಾಗೇ ಒಂದು ಹಾಳೆಯ ಮೇಲೆ ದುಂಡಗೆ ಬರೆದುಕೊಟ್ಟಳು: ಹನ್ನೊಂದಕ್ಕೆ ಹಾಲು, ಕುಡಿಸಿದ ಮೇಲೆ ಹತ್ತು ನಿಮಿಷ ಹೆಗಲ ಮೇಲೆ, ಹನ್ನೆರಡೂವರೆಗೆ ನಿದ್ದೆ, ಒಂದೂಮುಕ್ಕಾಲಿಗೆ ಹಣ್ಣು ನುರಿದು ನಾಲ್ಕು ಚಮಚ. "ಆಯ್ತು, ಮಾಡೋಣ!" ಎಂದ ಅಪ್ಪ.

ಎರಡು ಗಂಟೆಗೆ ಅವಳು ಓಡೋಡಿ ಬಂದಾಗ ಸ್ಟುಡಿಯೋದ ಪರದೆಯ ಹಿಂದೆ ಅಪ್ಪ ಒಂಬತ್ತು ಜನರ ಒಂದು ಸಂಸಾರವನ್ನು ಎರಡು ಸಾಲಾಗಿ ನಿಲ್ಲಿಸುತ್ತಿದ್ದ. ಅವನ ಕೈಯಲ್ಲಿ ಮಗುವಿರಲಿಲ್ಲ. ಎಲ್ಲಿಯೂ ಇರಲಿಲ್ಲ.

"ಅಪ್ಪಾ, ಮಗು ಎಲ್ಲಿ?"

"ಯಾವ ಮಗು?" ಎಂದ ಅಪ್ಪ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಅವಳು ಸ್ಟೂಲಿನ ಕೆಳಗೂ ಬಗ್ಗಿ ನೋಡಿದಳು.

"ಓ, ನಮ್ಮ ಪುಟ್ಟೀನಾ? ಲಾಂಡ್ರೀಲಿದಾಳೆ."

"ಮಗೂನ ಲಾಂಡ್ರಿಗೆ ಹಾಕಿದ್ಯಾ?" ಎಂದು ಅವಳು ಕಿರುಚಿದಳು.

ಒಂಬತ್ತೂ ಜನ ಗೊಳ್ಳೆಂದು ನಕ್ಕರು. ಕ್ಲಿಕ್! "ಹಾಂ, ಇದು ಫೋಟೋ!" ಎಂದ ಅಪ್ಪ.

ಲಾಂಡ್ರಿಯಲ್ಲಿ, ಮಡಿಸಿಟ್ಟ ಬಿಳಿ ಹೊದಿಕೆಗಳ ದೊಡ್ಡ ಬುಟ್ಟಿಯೊಳಗೆ, ಮಗು ನಿದ್ದೆ ಮಾಡಿ ಎದ್ದ ಮುಖದಲ್ಲಿ ತನ್ನ ಕಾಲ್ಬೆರಳನ್ನು ತಾನೇ ಚೀಪುತ್ತ ಕೂತಿತ್ತು. ಅವಳಿಗೆ ಕಂಡದ್ದು ಮಾತ್ರ ಹಬೆ, ಕಾದ ಇಸ್ತ್ರಿ ಪೆಟ್ಟಿಗೆಗಳು, ನೇತಾಡುವ ವೈರು. ಮಗುವನ್ನು ಬಾಚಿ ಎತ್ತಿಕೊಂಡು ಲಾಂಡ್ರಿಯ ಅಕ್ಕನ ಮೇಲೆ ಹರಿಹಾಯ್ದಳು. "ನಿಮಗೆ ಯಾರು ಹೇಳಿದ್ದು ಮಗೂನ ಇಟ್ಕೊಳಿ ಅಂತ? ಇದೇನು ಮಗು ಮಲಗೋ ಜಾಗಾನಾ? ಸ್ವಲ್ಪಾನೂ ಬುದ್ಧಿ ಬೇಡ್ವಾ?"

ಅಕ್ಕ ಅಂಗಡಿಯ ಗೋಡೆಗೆ ಪಿನ್ ಚುಚ್ಚಿಟ್ಟಿದ್ದ ಕಾಗದ ತೆಗೆದು ಅವಳ ಕೈಗಿಟ್ಟರು. ಅವಳ ಹಾಳೆಯ ಮೇಲಿನರ್ಧ. ಪ್ರತಿ ಸಾಲಿನ ಪಕ್ಕ ಪೆನ್ಸಿಲಿನ ಗುರುತು. 'ಹನ್ನೊಂದು ಹತ್ತು, ಪೂರ್ತಿ ಕುಡಿದಳು.' 'ಹನ್ನೆರಡು ನಲವತ್ತು, ಮಲಗಿದಳು.' ಕೆಳಗಿನರ್ಧ ಎಲ್ಲಿ? ಅದನ್ನು ಅಪ್ಪ ಹರಿದು, ತನ್ನ ಫೋನ್ ನಂಬರ್ ಬರೆದು ಯಾವನೋ ಗಿರಾಕಿಗೆ ಕೊಟ್ಟಿದ್ದ.

ಅವಳು ಥ್ಯಾಂಕ್ಸ್ ಕೂಡ ಹೇಳದೆ ಮನೆಗೆ ಬಂದಳು.

ಗುರುವಾರ ಫೋನಿನಲ್ಲಿ ಮನುಷ್ಯರ ಸ್ವಭಾವಗಳ ಬಗ್ಗೆ ಒಂದು ಲೇಖನ ಸಿಕ್ಕಿತು. ಸ್ವಭಾವ ನಾಲ್ಕು ಬಗೆಯಂತೆ. ಅದರಲ್ಲಿ ಒಂದು ಸ್ಯಾಂಗ್ವಿನ್: ಸದಾ ಉಲ್ಲಾಸದ ಜನ. ಮೈಯಲ್ಲಿ ರಕ್ತ ಹೆಚ್ಚಾದವರು ಹೀಗಿರುತ್ತಾರೆಂದು ಹಿಂದಿನ ವೈದ್ಯರು ನಂಬಿದ್ದರಂತೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವಂಥದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡು ಅವಳು ಕೆಳಗಿದ್ದ ಪ್ರಶ್ನೆಗಳಿಗೆ ಅಪ್ಪನ ಪರವಾಗಿ ಉತ್ತರಿಸುತ್ತ ಹೋದಳು. ಅಪರಿಚಿತರು ಬೇಗ ಸ್ನೇಹಿತರಾಗುತ್ತಾರೆಯೇ? ಹೌದು. ಹಿಡಿದ ಕೆಲಸ ಅರ್ಧಕ್ಕೆ ಬಿಡುತ್ತಾರೆಯೇ? ಹೌದು, ಮೂರು ಕಾಲಿಗೆ. ಕೊಟ್ಟ ಮಾತು ಮರೆಯುತ್ತಾರೆಯೇ? ಹೌದು, ಹೌದು. ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳುತ್ತಾರೆಯೇ? ಇಲ್ಲ, ಇಟ್ಟ ಜಾಗ ನೆನಪಿರಬೇಕಲ್ಲ. ಹತ್ತೊಂಬತ್ತನೆಯ ಪ್ರಶ್ನೆಯಲ್ಲಿ ಬೆರಳು ನಿಂತಿತು. ದುಃಖ ಅವರಲ್ಲಿ ಬಹುಕಾಲ ಉಳಿಯುತ್ತದೆಯೇ?

ನಾಲ್ಕು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅಪ್ಪ ಐದನೇ ದಿನ ಸ್ಟುಡಿಯೋ ತೆರೆದಿದ್ದ. ಅವಳು ಊಟದ ಡಬ್ಬಿ ಹಿಡಿದು ಹೋದಾಗ ಪರದೆಯಾಚೆಯಿಂದ ಅವನ ನಗು ಕೇಳಿಸಿತ್ತು. ಹೊಟ್ಟೆ ಹಿಡಿದುಕೊಂಡು ನಗುವ ನಗು. ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು ಹಿಂದಿರುಗಿದ್ದಳು. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಯೇ ಐದು ದಿನ ನಿಲ್ಲದ ತಲೆಯಲ್ಲಿ ಎಂಟು ತಿಂಗಳ ಮಗು ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತದೆಯೇ? ಹತ್ತೊಂಬತ್ತಕ್ಕೆ ಉತ್ತರ ಒತ್ತದೆಯೇ ಫೋನ್ ಬದಿಗಿಟ್ಟಿದ್ದಳು.

ಎರಡೂವರೆಗೆ ಬಾಗಿಲ ಹೊರಗೆ ಶಿಳ್ಳೆ ಕೇಳಿಸಿತು. ಅಪ್ಪನೇ. ಬುಧವಾರದ ಜಗಳ ನಡೆದೇ ಇಲ್ಲವೆಂಬಂತೆ ಒಳಗೆ ಬಂದು, ಎದ್ದು ಕೂಗತೊಡಗಿದ್ದ ಮೊಮ್ಮಗಳನ್ನು ಎತ್ತಿಕೊಂಡ. ಮಗು ಅವನ ಕನ್ನಡಕ ಕಿತ್ತುಕೊಂಡು ಕೇಕೆ ಹಾಕಿತು.

"ಏನಮ್ಮಾ, ಮುಖ ಪಾಸ್‌ಪೋರ್ಟ್ ಸೈಜಿಗೆ ಬಂದಿದೆ?"

"ಅಪ್ಪಾ, ತಮಾಷೆ ಬೇಡ. ಆ ಹಾಳೆ ನಿನಗೆ ಕೊಟ್ಟಿದ್ದು. ಲಾಂಡ್ರಿಯವರಿಗಲ್ಲ."

"ನನ್ನ ಕೈಗೆ ಬಂದಿದ್ದು ಕಳೆದುಹೋಗುತ್ತೆ ಅಂತ ನನಗೆ ಗೊತ್ತಿಲ್ವಾ? ಅದಕ್ಕೇ ತಕ್ಷಣ ಅವರ ಕೈಗೆ ಕೊಟ್ಟುಬಿಟ್ಟೆ."

"ಅರ್ಧ ಹರಿದು ಕೊಟ್ಟೆ!"

"ಕೊಡೋ ಮುಂಚೆನೇ ಹರಿದಿದ್ದು" ಎಂದ ಅಪ್ಪ, ಅದೇ ಸಮಜಾಯಿಷಿಯೆಂಬಂತೆ.

ಅವಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಲೇಖನದ ವಿಷಯ ಹೇಳಿದಳು. ಅಪ್ಪನಿಗೆ ಸಂಭ್ರಮವೋ ಸಂಭ್ರಮ. "ನನ್ನ ಬಗ್ಗೆ ಬರೆದಿದಾರಾ? ಫೋಟೋ ಹಾಕಿದಾರಾ?"

"ಒಂದು ಪ್ರಶ್ನೆಗೆ ಮಾತ್ರ ನೀನೇ ಹೇಳ್ಬೇಕು. ಅಮ್ಮ ಹೋದ ಐದನೇ ದಿನ ಸ್ಟುಡಿಯೋದಲ್ಲಿ ನಗ್ತಿದ್ದೆ. ನಾನು ಹೊರಗೆ ನಿಂತಿದ್ದೆ."

ಅಪ್ಪ ಮಗುವಿನ ಕೈಯಿಂದ ಕನ್ನಡಕ ಬಿಡಿಸಿಕೊಂಡು, ಅಂಗಿಯ ತುದಿಯಿಂದ ಒರೆಸಿದ.

"ನಕ್ಕಿರ್ತೀನಿ. ಅವತ್ತು ಒಬ್ರು ಬಂದಿದ್ರು, ತಲೆ ಬಗ್ಗಿಸಿ ಅಂದ್ರೆ ವಿಗ್ಗು ಸ್ಟೂಲಿನ ಮೇಲೆ ಬಿತ್ತು. ಅವರಿಗೆ ಗೊತ್ತೇ ಆಗ್ಲಿಲ್ಲ, ಅದರ ಮೇಲೇ ಕೂತ್ಬಿಟ್ರು. ನಗದೆ ಇರಕ್ಕಾಗುತ್ತಾ? ಬೆಳಿಗ್ಗೆ ಅತ್ತಿದ್ದೆ. ಅಳು ನನಗೆ ಬರುತ್ತಮ್ಮಾ, ಬಂದು ಹೋಗುತ್ತೆ. ನಿನಗೆ ಬಂದ್ರೆ ಚಾಪೆ ಹಾಸ್ಕೊಂಡು ಕೂತ್ಬಿಡುತ್ತೆ." ಕನ್ನಡಕ ಮೂಗಿಗೇರಿಸಿಕೊಂಡ. "ಸಂಜೆ ಮನೆಗೆ ಓಡಿಬಂದೆ, ಆ ವಿಗ್ಗಿನ ಕತೆ ನಿಮ್ಮಮ್ಮನಿಗೆ ಹೇಳೋಣ ಅಂತ. ಬೀಗ ತೆಗೀಬೇಕಾದ್ರೆ ನೆನಪಾಯ್ತು."

ಅವಳು ಅವನ ಮುಖವನ್ನೇ ನೋಡಿದಳು. ಇದು ಮರೆವೋ, ನೆನಪೋ? ಅಮ್ಮ ಅವನಲ್ಲಿ ನಿಲ್ಲಲಿಲ್ಲವೋ, ಅಥವಾ ಹೋಗಲೇ ಇಲ್ಲವೋ? ಕೇಳುವಷ್ಟರಲ್ಲಿ ಅಪ್ಪ ಮೇಜಿನ ಮೇಲಿನ ಬಿಸ್ಕತ್ತು ಬಾಯಿಗೆ ಹಾಕಿಕೊಂಡು, "ಎಲ್ಲಿ ತಂದೆ ಇದನ್ನ? ಭಾರಿ ಚೆನ್ನಾಗಿದೆ" ಎಂದ. ಅವನ ಫೋನ್ ಬಡಿದುಕೊಂಡಿತು. ಟೈ ಕಟ್ಟಿಕೊಂಡ ಗಿರಾಕಿಯೊಬ್ಬನನ್ನು ಸ್ಟೂಲಿನ ಮೇಲೆ ಕೂರಿಸಿ, 'ಎರಡೇ ನಿಮಿಷ' ಎಂದು ಹೇಳಿ ಬಂದಿದ್ದನಂತೆ. ಮಗುವನ್ನು ಅವಳ ತೋಳಿಗೆ ದಾಟಿಸಿ ಓಡಿದ.

ಮೂರೂ ಇಪ್ಪತ್ತು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅವಳು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ನಡೆದಳು. ಗೊಂದಲ ಕಡಿಮೆಯಾಗುವ ಬದಲು ಇನ್ನಷ್ಟು ಸಿಕ್ಕಾಯಿತು. ಅಪ್ಪ ಎಂಥವನೆಂದು ಲೇಖನ ಹೇಳಿತ್ತು. ಅವನನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಹೇಳಿರಲಿಲ್ಲ. ಅವನು ಬದಲಾಗುತ್ತಾನೆಂದು ಕಾದರೆ ಮಗುವಿಗೆ ಮದುವೆಯ ವಯಸ್ಸಾದೀತು. ಆದರೆ ಬುಧವಾರ ಅವನು ಕಳೆದದ್ದು ಅರ್ಧ ಕಾಗದವನ್ನು, ಮಗುವನ್ನಲ್ಲ. ತನ್ನಿಂದಾಗದ್ದನ್ನು ಆಗುವವರ ಕೈಗೆ ಕೊಟ್ಟಿದ್ದ. ಅದು ಜವಾಬ್ದಾರಿಯೋ, ಜವಾಬ್ದಾರಿಯಿಂದ ಜಾರಿಕೊಳ್ಳುವುದೋ? ಎರಡೂ ಹೌದೆನಿಸಿತು. ಆಸ್ಪತ್ರೆಯಲ್ಲಿ ಅವಳು ಎಣಿಸಿಟ್ಟ ಮಾತ್ರೆಯನ್ನು ಇನ್ನೊಬ್ಬರು ನೋಡದೆ ಕೌಂಟರ್ ದಾಟಿಸುವ ಹಾಗಿಲ್ಲ. ಹನ್ನೊಂದು ವರ್ಷ ಕೆಲಸ ಮಾಡಿದವರದ್ದಾದರೂ ಅಷ್ಟೇ. ಅದನ್ನು ಯಾರೂ ಅವಮಾನವೆಂದುಕೊಳ್ಳುವುದಿಲ್ಲ. ಅಪ್ಪನೊಬ್ಬ ಮಾತ್ರ ಒಂಟಿಯಾಗಿ ಪಾಸಾಗಬೇಕೆಂದು ಏಕೆ ಪಟ್ಟು ಹಿಡಿದಿದ್ದಳು?

ಇಲ್ಲಿ ಆ ಇನ್ನೊಬ್ಬರೆಂದರೆ ಲಾಂಡ್ರಿಯ ಅಕ್ಕ. ಅವರಿಗೆ ತಾನು ಆಡಿದ ಮಾತು ನೆನಪಾಗಿ ಮುಖ ಬಿಸಿಯಾಯಿತು. ಶಿಶುವಿಹಾರದ ನಂಬರ್ ಫೋನಿನಲ್ಲಿ ತೆರೆದೇ ಇತ್ತು. ಅದನ್ನು ಒತ್ತಿದರೆ ಯಾರ ಕ್ಷಮೆಯನ್ನೂ ಕೇಳಬೇಕಾಗಿರಲಿಲ್ಲ. ಎರಡು ಸಲ ಬೆರಳು ತಂದು ಹಿಂದೆಗೆದಳು. ಮೂರೂ ನಲವತ್ತೆಂಟಕ್ಕೆ, ಗಂಡನ ಕೋಟಿಗೆ ಸಿಕ್ಕಿಸಿದ್ದ ಲಾಂಡ್ರಿ ಚೀಟಿ ನೋಡಿ ಒಂದೊಂದೇ ಅಂಕಿ ಒತ್ತಿದಳು.

"ಲಾಂಡ್ರಿ."

"ಅಕ್ಕಾ, ನಾನು... ಎದುರಿನ ಸ್ಟುಡಿಯೋದವರ ಮಗಳು."

ಆ ಕಡೆ ಹಬೆ ಬುಸ್ಸೆಂದಿತು. "ಹೇಳಿ."

"ಬುಧವಾರ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ತಪ್ಪಾಯ್ತು."

"ಹೂಂ."

ಅದು ಕ್ಷಮಿಸಿದ ಹೂಂ ಆಗಿತ್ತೋ, ಬರೀ ಕೇಳಿಸಿಕೊಂಡ ಹೂಂ ಆಗಿತ್ತೋ ಗೊತ್ತಾಗಲಿಲ್ಲ. ಅವಳು ಮುಂದುವರಿದಳು. "ಸೋಮವಾರದಿಂದ ಮಗೂನ ಅಪ್ಪನ ಹತ್ರ ಬಿಡೋಣ ಅಂತಿದೀನಿ. ಅಪ್ಪನ ಹತ್ರ ಅಂದ್ರೆ... ಹೊತ್ತು ಹೊತ್ತಿಗೆ ನೋಡಕ್ಕೆ ನೀವಿದ್ರೆ. ನೀವು ಆಗಲ್ಲ ಅಂದ್ರೆ ಬಿಡಲ್ಲ."

"ನಿಮ್ಮಪ್ಪ ಯಾವತ್ತೂ ಕೇಳಲ್ಲ" ಎಂದರು ಅಕ್ಕ. "ಕೈಗೆ ಕೊಟ್ಟು ಹೋಗ್ತಾರೆ."

"ನಾನು ಕೇಳ್ತಿದೀನಿ ಅಕ್ಕಾ."

ಹಬೆಯ ಸದ್ದು ನಿಂತಿತು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿರಬೇಕು.

"ಗುರುವಾರ ಮಧ್ಯಾಹ್ನ ನಾನಿರಲ್ಲ. ಅವತ್ತಿಗೆ ಬೇರೆ ದಾರಿ ನೋಡ್ಕೊಳಿ."

"ಗುರುವಾರ ನಾನು ಅರ್ಧ ದಿನ ಕೇಳಿ ತಗೋತೀನಿ."

"ಎಷ್ಟು ಹೊತ್ತಿಗೆ ಬಿಡ್ತೀರಾ?"

"ಎಂಟೂವರೆಗೆ."

"ಎಂಟೂಕಾಲಿಗೆ ಬನ್ನಿ" ಎಂದರು ಅಕ್ಕ. "ಎಂಟೂವರೆ ಮೇಲೆ ಗಿರಾಕಿ ಜಾಸ್ತಿ. ನಿಂತು ಮಾತಾಡಕ್ಕಾಗಲ್ಲ."