ಕರಡಿಯ ಮೇಲಿನ ಹಾಳೆ

ಹೋದ ತಿಂಗಳು ಮೊಣಕಾಲು ತೋರಿಸಲು ಹೋದಾಗ ಕೊಟ್ಟ ಎಕ್ಸ್‌ರೇಯನ್ನು ಮನೆಗೆ ಬಂದು ಲಕೋಟೆಯಿಂದ ಎಳೆದೆ. ಈಗಿನವಕ್ಕೆ ಮೊದಲಿನಷ್ಟು ವಾಸನೆಯಿಲ್ಲ. ಆದರೂ ಎಲ್ಲೋ ಒಂದಿಷ್ಟು ಹುಳಿ ಘಾಟು ಮೂಗಿಗೆ ಬಂತು… ಚಿಕ್ಕಂದಿನಲ್ಲಿ ನಾವಿದ್ದ ಟಿಳಕವಾಡಿಯ ಬಾಜೂ ಮನೆಯ ಹಿತ್ತಿಲು ಕಣ್ಣ ಮುಂದೆ ನಿಂತಿತು.

ಎಂಬತ್ತರ ದಶಕದ ನಡುವಿನ ಮಾತು. ಆ ಮನೆಯ ಹಿರಿ ಸೊಸೆಯನ್ನು ಓಣಿಯ ಹುಡುಗಿಯರೆಲ್ಲ ಅತ್ತಿಗೆ ಎಂಬ ಅರ್ಥದಲ್ಲಿ ವೈನಿ ಎನ್ನುತ್ತಿದ್ದೆವು. ತವರು ಖಾನಾಪುರ. ಗಂಡ ದವಾಖಾನೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದರು. ಹಡಗಿನ ಮೇಲೆ ನೌಕರಿಗಿದ್ದ ವೈನಿಯ ಅಣ್ಣ ಪರದೇಶದ ಆಟವೊಂದನ್ನು ತಂದುಕೊಟ್ಟಿದ್ದ. ಒಬ್ಬರು ಕತೆ ನಡೆಸಬೇಕು, ಉಳಿದವರು ಅದರೊಳಗಿನ ವೀರರಾಗಿ ಎದುರಾದ ಪ್ರಾಣಿಗಳೊಡನೆ ಕಾದಾಡಬೇಕು. ಗೆದ್ದೆವೋ ಸತ್ತೆವೋ ಎಂಬುದನ್ನು ಹಲವು ಮುಖದ ದಾಳಗಳು ಹೇಳುತ್ತಿದ್ದವು.

ಆಟದ ಜೊತೆ ಬಂದ ಪುಸ್ತಕದಲ್ಲಿದ್ದ ರಾಕ್ಷಸರು ವೈನಿಗೆ ಸೇರಲಿಲ್ಲ. ರಟ್ಟಿನ ಮೇಲೆ ಖಾನಾಪುರದ ಅಡವಿಯ ಕರಡಿ, ಕಾಡುಹಂದಿ ಬರೆದು, ಬಾಜೂಕೆ ಬಲ, ವೇಗ, ಬುದ್ಧಿಯ ಅಂಕಿ ಹಾಕಿದರು. ಗಂಡ ತಂದುಕೊಡುತ್ತಿದ್ದ ಕೆಟ್ಟ ಎಕ್ಸ್‌ರೇ ಹಾಳೆಗಳನ್ನು ಹಿತ್ತಿಲಲ್ಲಿ ಬಿಸಿನೀರು, ಸೋಡಾದಲ್ಲಿ ನೆನೆಹಾಕಿ ತಿಕ್ಕಿದರೆ ನೀಲಿ ಛಾಯೆಯ ಗಾಜಿನಂಥ ಹಾಳೆ ಉಳಿಯುತ್ತಿತ್ತು. ಅದರ ಮೇಲೆ ಕರಿ ಶಾಯಿಯಲ್ಲಿ ‘ಸತ್ತು ಎದ್ದದ್ದು’, ‘ಹಸಿದದ್ದು’ ಎಂದು ಬರೆದು, ಕೂಡಿಸುವ ಕಳೆಯುವ ಅಂಕಿ ಹಾಕುತ್ತಿದ್ದರು. ಹಾಳೆಯನ್ನು ಕರಡಿಯ ಮೇಲಿಟ್ಟರೆ ಅದು ಸತ್ತು ಎದ್ದ ಕರಡಿ: ನೋವು ತಾಗದು, ಆದರೆ ಓಡಲಾರದು, ಬೆಂಕಿಗೆ ಅಂಜುವುದು. ಬರೀ ಬಲ ಕೊಡುವ ಹಾಳೆಯನ್ನು ವೈನಿ ಎಂದೂ ಮಾಡಲಿಲ್ಲ. ಒಂದು ಕೊಟ್ಟರೆ ಒಂದು ಕಸಿಯಬೇಕು. ಒಮ್ಮೆ ಅದೇ ಹಾಳೆಯನ್ನು ಕೋಳಿಯ ಮೇಲಿಟ್ಟರು. ನಾನು ಸತ್ತೆ.

“ಕರಡಿಗೆ ಬಗ್ಗಲಿಲ್ಲ, ಕೋಳಿ ಕೈಯಾಗ ಸತ್ತಿ ನೋಡವಾ,” ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾವು ಆಡುವ ಹೊತ್ತಿಗೆ ಅತ್ತೆ ಒಳಗೆ ಮಲಗಿರುತ್ತಿದ್ದರಲ್ಲ, ಜೋರಾಗಿ ನಗುವಂತಿರಲಿಲ್ಲ.

ವೈನಿಗೆ ಮಕ್ಕಳಾಗಿರಲಿಲ್ಲ. ಆ ವರ್ಷ ಮೈದುನನ ಹೆಂಡತಿಯ ಬಸಿರು ನಿಲ್ಲದೆ ಇಳಿದುಹೋಯಿತು. ಅದೇ ವಾರ ಅತ್ತೆಗೆ ಟ್ರಂಕಿನಲ್ಲಿ ಹಾಳೆಗಳು ಸಿಕ್ಕವು. ಒಂದು ಪೂರ್ತಿ ತೊಳೆದಿರಲಿಲ್ಲ. ಕರಡಿಯ ಮೇಲೆ ಯಾರದೋ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಬಾಜೂಕೆ ‘ಸತ್ತು ಎದ್ದದ್ದು’ ಎಂಬ ಅಕ್ಷರ. ಸತ್ತವರ ಎಲುಬು ಮನಿಗೆ ತಂದು ಮಾಟ ಮಾಡ್ಯಾಳೆಂದು ಅತ್ತೆ ಓಣಿಯವರನ್ನೆಲ್ಲ ಕರೆದು ತೋರಿಸಿದರು. ದಾಳಗಳು ಹಂಡೆಯ ಒಲೆಗೆ ಹೋದವು.

ಸಂಜೆ ಗಂಡ ಬಂದಾಗ ನಾವೆಲ್ಲ ಅಂಗಳದಲ್ಲೇ ಇದ್ದೆವು. ವೈನಿ ಅಳುತ್ತಿರಲಿಲ್ಲ.

“ಇವನ್ನ ಯಾರು ತಂದಾರ ಅಂತ ನೀವ ಹೇಳ್ರಿ,” ಎಂದರು.

ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ತಾಯಿಯ ಮುಖ ನೋಡಿದರು. ಕಾಲು ತೊಳೆದುಕೊಂಡು ಒಳಗೆ ಹೋದರು.

ವೈನಿಯನ್ನು ನಾಲ್ಕು ದಿವಸ ತವರಿಗೆ ಎಂದು ಕಳಿಸಿದವರು ಕರೆತರಲು ಹೋಗಲಿಲ್ಲ. ಅವು ದವಾಖಾನೆಯ ಹಾಳೆಗಳೆಂದು ನಮ್ಮವ್ವನಿಗೂ ಗೊತ್ತಿತ್ತು. ಮಂದಿ ಮನಿ ಉಸಾಬರಿ ನಮಗ್ಯಾಕ ಎಂದಳು. ಗಂಡ ಮರುವರ್ಷ ಇನ್ನೊಂದು ಲಗ್ನವಾದರು. ಸಂಭಾವಿತರೆಂಬ ಅವರ ಹೆಸರಿಗೆ ಏನೂ ಆಗಲಿಲ್ಲ.

ಆಮೇಲೊಮ್ಮೆ ಅಪ್ಪನಿಗೆ ಖಾನಾಪುರದ ಕಚೇರಿಯಲ್ಲಿ ಕೆಲಸವಿತ್ತು. ನಾನೂ ಹೋಗಿ ವೈನಿಯ ತವರುಮನೆ ಹುಡುಕಿದೆ. ಅಕ್ಕಿ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣೆತ್ತದೆ ಎಲ್ಲರನ್ನೂ ವಿಚಾರಿಸಿದರು, ಗಂಡನೊಬ್ಬನನ್ನು ಬಿಟ್ಟು. ಮತ್ತೆ ಹಾಳೆ ಮಾಡಿದಿರೇನು ಎಂದು ಕೇಳಿದೆ.

“ನಾ ಇಟ್ಟ ಹಾಳಿ ತಗದ್ರ ಕೆಳಗ ಕರಡಿ ಇದ್ದಂಗ ಇರ್ತಿತ್ತವಾ,” ಎಂದರು. “ಇವರು ನನ್ನ ಮ್ಯಾಲೆ ಇಟ್ಟಿದ್ದು ತಗಿಯಾಕ ಬರಂಗಿಲ್ಲ.”

ಚಹಾ ಕುಡಿದು ಎದ್ದೆ. ಮತ್ತೆ ಭೇಟಿಯಾಗಲಿಲ್ಲ…

ಎಕ್ಸ್‌ರೇ ನೋಡಿದಂದಿನಿಂದ ಮನಸ್ಸು ನಿಲ್ಲದೆ, ಕಳೆದ ವಾರ ಕುಂಟುತ್ತಲೇ ಖಾನಾಪುರದ ಬಸ್ಸು ಹತ್ತಿದೆ. ಆ ಮನೆಯಲ್ಲಿ ಬೇರೆಯವರಿದ್ದಾರೆ. ಕಟ್ಟೆಯ ಮೇಲಿದ್ದ ಮುದುಕಿಯನ್ನು ಕೇಳಿದೆ; ಹಡಗಿನವನ ತಂಗಿ ಎಂದೆ, ಚಿತ್ರ ಬರೆಯುತ್ತಿದ್ದರು ಎಂದೆ. ಆಕೆಗೆ ಹೊಳೆಯಲಿಲ್ಲ. ಆಮೇಲೆ ತಾನೇ ಕೇಳಿದಳು.

“ಗಂಡ ಬಿಟ್ಟಾಕಿ ಏನು? ತೀರಿಕೊಂಡು ಬಾಳ ವರ್ಷ ಆತಲ್ಲವಾ.”

ಬಿಸಿಲಿತ್ತು. ಇನ್ನೇನು ಹೇಳಿ ಗುರುತು ಹಿಡಿಸಲಿ… ಹೂಂ, ಆಕಿನ, ಎಂದೆ.